ಎಂಟರ ಮೇಲಿನವರು

ಮಾತ್ರೆ ನಾಲಿಗೆಯ ಅಡಿಯಲ್ಲಿ ಕರಗತೊಡಗಿತ್ತು. ತಂಗಿ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ನುಂಗಿದೆಯಾ ಎಂದು ತಂಗಿ ಬಾಯಿಬಿಟ್ಟು ಕೇಳುವುದಿಲ್ಲ, ನೋಡುತ್ತಾಳೆ, ಅಷ್ಟೆ. ಕಹಿ ಗಂಟಲಿಗೆ ಜಾರದಂತೆ ನಾಲಿಗೆಯನ್ನು ಒತ್ತಿ ಹಿಡಿದು, ಲೋಟದ ನೀರಿಗೆ ತುಟಿ ತಾಗಿಸಿ, ಅಕ್ಕ ಗಂಟಲು ಕುಲುಕಿಸಿ ತೋರಿಸಿದಳು. ತಂಗಿ ಒಳಗೆ ಹೋದಳು. ಹೊಲಿಗೆ ಮಿಷನ್ನಿನ ಚಕ್ರ ತಿರುಗಿದ ಸದ್ದು ಬಂದ ಮೇಲೆ ಅವಳು ಬಚ್ಚಲಿಗೆ ನಡೆದು ಉಗಿದಳು. ಆರು ತಿಂಗಳಿಂದ ಹೀಗೆ, ಬೆಳಿಗ್ಗೆ ಒಂದು, ಸಂಜೆ ಒಂದು. ನಲವತ್ತಾರು ವರ್ಷದ ಹೆಂಗಸು, ಮಗ್ಗಿ ಬಾರದೆ ಸ್ಲೇಟು ಒರೆಸಿಬಿಡುವ ಹುಡುಗಿಯ ಹಾಗೆ. ನಾಚಿಕೆಯಾಯಿತು. ಆದರೆ ನಾಚಿಕೆಯ ಬೆನ್ನಿಗೇ ಇಂದು ಮಂಗಳವಾರ ಎಂಬುದು ನೆನಪಾಗಿ ಎದೆ ಹಗುರಾಯಿತು. ನಾಲ್ಕೂವರೆಗೆ ಮೇಡಂ ಬರುತ್ತಾರೆ. ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಕಾಲು ಮಡಚಿ ಕೂತು, ಪುಸ್ತಕ ತೆರೆದು ‘ಹೇಳಿ’ ಎನ್ನುತ್ತಾರೆ. ಅವಳಿಗೆ ಬೇಕಾದದ್ದು ಆ ಒಂದು ಮಾತು. ಅದಕ್ಕಾಗಿ ಅವಳು ತನ್ನ ರಕ್ತದಲ್ಲಿ ಸಕ್ಕರೆ ಏರಿಸಿಕೊಳ್ಳುತ್ತಿದ್ದಳು.

ಆರು ಮಹಡಿಯ ಕಚೇರಿ ಕಟ್ಟಡದಲ್ಲಿ ಅವಳು ಲಿಫ್ಟ್ ನಡೆಸುವವಳು. ಹಳೆಯ ಲಿಫ್ಟು, ಮಡಚುವ ಕಬ್ಬಿಣದ ಬಾಗಿಲನ್ನು ಕೈಯಿಂದಲೇ ಎಳೆಯಬೇಕು, ಹಿಡಿಕೆ ತಿರುಗಿಸಿ ಮಹಡಿಗೆ ಸರಿಯಾಗಿ ನಿಲ್ಲಿಸಬೇಕು. ಮೂಲೆಯಲ್ಲಿ ಒಂದು ಸ್ಟೂಲು. ಬೆಳಿಗ್ಗೆ ಏಳರಿಂದ ಮೂರೂವರೆಯವರೆಗೆ ಅದರ ಮೇಲಿಂದ ಏಳುವ ಹಾಗಿಲ್ಲ. ಹೆಂಗಸರ ಪಾಯಿಖಾನೆ ನಾಲ್ಕನೆಯ ಮಹಡಿಯಲ್ಲಿದೆ, ಅಧಿಕಾರಿಗಳಿಗೆ ಮೀಸಲು, ಬೀಗದ ಕೈ ಅವರ ಡ್ರಾಯರಿನಲ್ಲಿ. ಆದ್ದರಿಂದ ಅವಳು ನೀರು ಕುಡಿಯುವುದಿಲ್ಲ. ನೀರು ಕುಡಿಯದವಳ ಬಾಯಾರಿಕೆಯನ್ನು ಡಾಕ್ಟರು ರೋಗದ ಲಕ್ಷಣವೆಂದು ಬರೆದಿದ್ದರು. ಅವಳ ತಲೆಯ ಹಿಂದಿನ ಗೋಡೆಗೆ ಆರೋಗ್ಯ ಇಲಾಖೆಯವರು ಬಂದು ಅಂಟಿಸಿ ಹೋದ ಕಾಗದ: ‘ಲಿಫ್ಟ್ ಬಿಡಿ, ಮೆಟ್ಟಿಲು ಹತ್ತಿ, ಬೊಜ್ಜು ಕರಗಿಸಿ.’ ಹತ್ತಿದವರೆಲ್ಲ ಮೊದಲು ಅದನ್ನು ಓದುತ್ತಾರೆ, ಆಮೇಲೆ ಅದರ ಕೆಳಗೆ ಕೂತವಳನ್ನು ಓದುತ್ತಾರೆ. ಹತ್ತು ಜನ ಹಿಡಿಸುವ ಲಿಫ್ಟಿಗೆ ಹನ್ನೆರಡು ಜನ ನುಗ್ಗಿ ಗಂಟೆ ಕಿರುಚಿಕೊಂಡರೆ, ಕೊನೆಗೆ ನುಗ್ಗಿದವನನ್ನು ಯಾರೂ ನೋಡುವುದಿಲ್ಲ. ಹನ್ನೆರಡು ಜೊತೆ ಕಣ್ಣು ಸ್ಟೂಲಿನ ಕಡೆ ತಿರುಗುತ್ತವೆ. ಇಂದು ಬೆಳಿಗ್ಗೆಯೂ ಕಡತ ಹೊರುವ ಜವಾನ ಬಾಯಿ ಹಾಕಿದ: “ಅಕ್ಕಾ, ನೀವೊಬ್ರು ಇಳಿದು ಮೆಟ್ಟಿಲ ಮೇಲೆ ಬಂದ್ಬಿಡಿ, ಲಿಫ್ಟ್ ನಾವ್ ನಡೆಸ್ಕೋತೀವಿ.” ಅವಳು ಎಲ್ಲರಿಗಿಂತ ಮುಂಚೆ ನಕ್ಕು, “ನಾನಿಳಿದ್ರೆ ಇದು ಹಗುರಾಗಿ ಛಾವಣಿ ಕಿತ್ಕೊಂಡು ಹೋಗುತ್ತಪ್ಪಾ, ಆಮೇಲೆ ನಿಮ್ಮನ್ನ ಮೋಡದಿಂದ ಯಾರು ಇಳಿಸ್ತಾರೆ?” ಎಂದಳು. ಲಿಫ್ಟೆಲ್ಲ ನಗೆ. ನಗುವವರಿಗಿಂತ ಮೊದಲು ತಾನೇ ನಕ್ಕುಬಿಡಬೇಕು. ಮೂರೇ ವರ್ಷಕ್ಕೆ ಹೊರಬಿದ್ದ ಗಂಡನ ಮನೆಯಲ್ಲಿ ಕಲಿತ ವಿದ್ಯೆ ಅದು. ಆ ಮನೆಯಿಂದ ಅವಳು ಹೊತ್ತು ತಂದ ವರದಕ್ಷಿಣೆ ಅದೊಂದೇ.

ಮೇಡಂ ಕೂಡ ಮೊದಲು ಕಂಡದ್ದು ಲಿಫ್ಟಿನಲ್ಲೇ. ಆರನೆಯ ಮಹಡಿಗೆ ಹೊಸದಾಗಿ ಬಂದ ಸಂಶೋಧನೆಯ ತಂಡದವರು ಅವರು; ಸಕ್ಕರೆ ಕಾಯಿಲೆಯ, ದಪ್ಪ ಮೈಯ ಜನರನ್ನು ಹುಡುಕುತ್ತಿದ್ದರು. ಸ್ಟೂಲಿನ ಮೇಲೆ ಸಿದ್ಧವಾಗಿ ಒಬ್ಬಳು ಸಿಕ್ಕಳು. ಮೊದಲ ದಿನವೇ ಅವರ ತಕ್ಕಡಿಯ ಮುಳ್ಳು ಕೊನೆ ಮುಟ್ಟಿ ನಿಂತುಬಿಟ್ಟಿತು. ಏನು ಮಾಡುವುದೆಂದು ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡು, ನೆಲಮಾಳಿಗೆಯ ಗೋದಾಮಿಗೆ ಕರೆದುಕೊಂಡು ಹೋದರು. ರದ್ದಿ ಕಾಗದದ ಮೂಟೆ ತೂಗುವ ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿದರು. ಗೋದಾಮಿನವನು ಬಾಯಲ್ಲಿದ್ದ ಪೆನ್ಸಿಲ್ ತೆಗೆದು, “ಇದನ್ನ ಹಗ್ಗ ಕಟ್ಟಿ ಕೊಡ್ತೀರೋ, ಹಾಗೇ ಕಳಿಸೋದೋ?” ಎಂದ. ಅವಳು ನಗಲು ಬಾಯಿ ತೆರೆದಿದ್ದಳು, ಅಭ್ಯಾಸ. ಆದರೆ ಪಕ್ಕದಲ್ಲಿ ನಿಂತ ಮೇಡಂ ನಗದೆ ಇದ್ದುದನ್ನು ಕಂಡು ಬಾಯಿ ಹಾಗೆಯೇ ಉಳಿಯಿತು. ಯಾರಾದರೂ ತನ್ನ ಜೊತೆ ನಗದೆ ಇರಬಹುದು ಎಂದು ಅವಳಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಮೇಲೆ ಬಂದ ಮೇಲೆ ಒಬ್ಬ ಹುಡುಗಿ ಅಳತೆಯ ಟೇಪು ತಂದು ರಟ್ಟೆಗೆ ಸುತ್ತಿದಳು. ಟೇಪಿನ ಎರಡು ತುದಿ ಚರ್ಮದ ಮೇಲೆ ಒಂದನ್ನೊಂದು ಹುಡುಕುತ್ತಿರುವಾಗ ಊರಿನ ಗಿರಣಿ ಮುಚ್ಚಿ ಮನೆಯಲ್ಲಿ ಅನ್ನಕ್ಕೆ ಗತಿಯಿಲ್ಲದಾದ ವರ್ಷ ನೆನಪಿಗೆ ಬಂತು. ಅವಳಿಗೆ ಏಳು. ಜ್ವರದಿಂದ ಎದ್ದವಳು ಕಡ್ಡಿಯಾಗಿದ್ದಳು, ಇದು ಉಳಿಯುವ ಕೂಸಲ್ಲ ಎಂದು ನೆರೆಯವರು ಅವಳೆದುರೇ ಹೇಳಿದ್ದರು. ಭಾನುವಾರ ಭಾನುವಾರ ಅಮ್ಮ ಹೆಬ್ಬೆರಳು ನಡುಬೆರಳು ಕೂಡಿಸಿ ಉಂಗುರ ಮಾಡಿ ಅವಳ ರಟ್ಟೆಯನ್ನು ಹಿಡಿದು ನೋಡುತ್ತಿದ್ದಳು. ಬೆರಳ ತುದಿಗಳು ಮುಟ್ಟಿದರೆ ಆ ದಿನವೆಲ್ಲ ಅಮ್ಮನಿಗೆ ಮಾತಿಲ್ಲ. ಒಂದು ಭಾನುವಾರ ಅವು ಮುಟ್ಟಲಿಲ್ಲ. ಅಕ್ಕಿಕಾಳು ತೂರುವಷ್ಟು ಸಂದು. ಮೈಗೆ ಹತ್ತಿತು, ನನ್ನ ಮಗಳ ಮೈಗೆ ಹತ್ತಿತು ಎಂದು ಅಮ್ಮ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದಳು. ಆ ಕೈಯ ಬಿಸಿ ನಲವತ್ತು ವರ್ಷದ ಆಚೆಯಿಂದ ಬಂದು ಟೇಪಿನ ಕೆಳಗೆ ಕೂತಿತು. ಕಣ್ಣಿಂದ ನೀರು ಸುರಿಯಿತು. ಟೇಪಿನ ಹುಡುಗಿ “ಬಿಗಿಯಾಯ್ತಾ?” ಎಂದಳು. ಮೇಡಂ ಮಾತ್ರ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, “ಏನು ನೆನಪಾಯ್ತು?” ಎಂದರು. ಯಾವ ಡಾಕ್ಟರೂ ಅದನ್ನು ಕೇಳಿರಲಿಲ್ಲ. ಎಷ್ಟು ತಿಂದೆ, ಯಾಕೆ ತಿಂದೆ, ಬಾಯಿ ಕಟ್ಟಲು ಏನು ದಾಡಿ, ಇವಿಷ್ಟೇ ಅವರ ಪ್ರಶ್ನೆಗಳು.

“ನಾವು ಸಕ್ಕರೆ ಅಳೆಯೋರಲ್ಲ. ಈ ಕಾಯಿಲೆ ಇಟ್ಕೊಂಡು ಜನ ಹೇಗೆ ಬದುಕ್ತಾರೆ, ಮೈ ಅಂದ್ರೆ ಅವರಿಗೇನು, ತುತ್ತು ಅಂದ್ರೆ ಏನು, ಅದನ್ನ ತಿಳ್ಕೊಳ್ಳೋರು,” ಎಂದು ಮೇಡಂ ಬಿಡಿಸಿ ಹೇಳಿದ್ದರು. ಆವತ್ತಿನಿಂದ ಮಂಗಳವಾರ ಎಂಬುದು ವಾರದ ಬರಿಯ ಒಂದು ದಿನವಾಗಿ ಉಳಿಯಲಿಲ್ಲ. ತಂಗಿ ಅವರಿಗೆ ‘ಕೇಳೋ ಮೇಡಂ’ ಎಂದು ಹೆಸರಿಟ್ಟಳು. “ಬಂದ್ರು ನಿನ್ನ ಕೇಳೋ ಮೇಡಂ, ಜಡೆ ಗಿಡೆ ಸರಿ ಮಾಡ್ಕೋ,” ಎಂದು ಕುಟುಕಿ ಪರದೆಯಾಚೆ ಹೋಗಿಬಿಡುವಳು. ಅವಳು ನಿಜಕ್ಕೂ ಜಡೆ ಸರಿ ಮಾಡಿಕೊಳ್ಳುತ್ತಿದ್ದಳು. ಲಿಫ್ಟಿನಲ್ಲಿ ಕೂತು ಇಡೀ ವಾರ ಆಯ್ದಿಡುತ್ತಿದ್ದಳು, ಈ ಮಂಗಳವಾರಕ್ಕೆ ಇದು, ಮುಂದಿನದಕ್ಕೆ ಅದು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯುವುದು. ಮದುವೆ ಮನೆಯಲ್ಲಿ ತಟ್ಟೆಗೆ ಎರಡನೆಯ ಸಲ ಬಡಿಸಲು ಬಂದವರು ಕೈ ತಡೆದು ಅವಳ ಮುಖ ನೋಡುವುದು. ಗಂಡನ ತಾಯಿ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚುತ್ತಿದ್ದ ಸದ್ದು. ಹೇಳುತ್ತ ಹೇಳುತ್ತ, ಇಷ್ಟೊಂದು ತನ್ನೊಳಗಿತ್ತೇ ಎಂದು ಅವಳಿಗೇ ಬೆರಗು. ತೂಕದ ಹಲಗೆ ತೋರಿಸಿದ ನೂರ ಹದಿನೆಂಟು ಕಿಲೋದಲ್ಲಿ ಅರ್ಧ ಇದೇ ಇರಬೇಕು ಎನ್ನಿಸುತ್ತಿತ್ತು. ಒಮ್ಮೆ ಪುಸ್ತಕದ ಅಂಚಿನಲ್ಲಿ ತನ್ನ ಹೆಸರಿನ ಜಾಗದಲ್ಲಿ ‘ಹದಿನಾಲ್ಕು’ ಎಂದಿದ್ದುದನ್ನು ಕಂಡಳು. ಗುಟ್ಟಿಗಾಗಿ ಹಾಗೆ, ಎಂದರು ಮೇಡಂ. ಅವಳಿಗೆ ಬೇಸರವಾಗಲಿಲ್ಲ. ಹದಿನಾಲ್ಕು ಎಂದರೆ ಹದಿಮೂರರ ಮುಂದೆ ತಾನೂ ಒಬ್ಬಳು ಇದ್ದೇನೆ ಎಂದೇ ಆಯಿತಲ್ಲ.

ಹದಿಮೂರು, ಬೀದಿಯ ಕೊನೆಯ ಬ್ರೆಡ್ ಅಂಗಡಿಯವನು. ಆರನೆಯ ತಿಂಗಳಲ್ಲಿ ಅವನು ಲಿಫ್ಟು ಹತ್ತಿ, “ನಾನು ಪಾಸ್ ಅಕ್ಕಾ. ಏಳೂವರೆಗೆ ಇಳೀತು. ಇನ್ಮೇಲೆ ಬರೋದು ಬೇಡ ಅಂದ್ರು,” ಎಂದು ಬೀಗಿದ. ಅಧ್ಯಯನದ ನಿಯಮ: ಮೂರು ತಿಂಗಳ ಸಕ್ಕರೆಯ ಸರಾಸರಿ ಎಂಟರ ಮೇಲಿದ್ದವರು ಮಾತ್ರ ಗುಂಪಿನಲ್ಲಿ. ಅವಳದ್ದು ಅಂದು ಎಂಟು ಪಾಯಿಂಟ್ ಒಂದು. ಮೇಡಂ ಚೀಟಿ ನೋಡಿ, “ಇನ್ನು ಚೂರೇ ಚೂರು. ನೀವೂ ಪಾಸಾಗಿಬಿಟ್ರೆ ನಾನು ಮಂಗಳವಾರ ಏನು ಮಾಡಲಿ?” ಎಂದು ನಕ್ಕರು. ತಮಾಷೆಯ ಮಾತು. ಆ ಮಾತನ್ನು ಆಡಿದವರು ಮೆಟ್ಟಿಲಿಳಿಯುವ ಮೊದಲೇ ಮರೆತಿರುತ್ತಾರೆ. ಅವಳು ಮರೆಯಲಿಲ್ಲ. ಇಳಿದವರನ್ನು ಬಿಡುತ್ತಾರೆ ಎಂದರೆ ಇಳಿಯದವರನ್ನು ಬಿಡುವುದಿಲ್ಲ ಎಂದೇ ಅರ್ಥವಲ್ಲವೆ. ಬಿಡಿಸಲಾಗದ ಲೆಕ್ಕವೇನಲ್ಲ. ಮರುದಿನ ಬೆಳಿಗ್ಗೆ ಮೊದಲ ಮಾತ್ರೆ ಬಚ್ಚಲಿನ ಪಾಲಾಯಿತು. ಊಟ ಮಾತ್ರ ಅವಳು ಹೆಚ್ಚು ಮಾಡಲಿಲ್ಲ; ಇನ್ನೂ ಕಡಿಮೆ ಮಾಡಿದಳು, ಏಕೋ ಅದು ಪ್ರಾಯಶ್ಚಿತ್ತದಂತೆ ಕಾಣುತ್ತಿತ್ತು.

ಇಂದು ಹನ್ನೊಂದು ಗಂಟೆಗೆ ಎರಡನೆಯ ಮಹಡಿಯ ದವಾಖಾನೆಯಿಂದ ಕರೆ ಬಂತು. ಡಾಕ್ಟರು ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು. ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಹನ್ನೊಂದು ಪಾಯಿಂಟ್ ಆರು. ಏನ್ರೀ ಇದು? ಏನ್ ತಿಂತಿದೀರಾ ನೀವು?” ಎಂದರು. ಅವಳು ತಲೆ ತಗ್ಗಿಸಿದಳು. “ಸಿಹಿ ತಾನೆ? ಕದ್ದು ತಿಂತೀರಿ ತಾನೆ? ನಿಮ್ಮಂಥೋರಿಗೆ ಎಷ್ಟು ಔಷಧಿ ಸುರಿದ್ರೂ ಅಷ್ಟೆ. ಸರ್ಕಾರದ ಮಾತ್ರೆ, ಬೊಗಸೆಗಟ್ಟಲೆ ಕೊಡ್ತೀವಿ, ಬಾಯಿಗೊಂದು ಬೀಗ ಹಾಕ್ಕೊಳ್ಳೋಕೆ ಆಗಲ್ವಾ?” ಬಾಗಿಲಲ್ಲಿ ಸರದಿ ನಿಂತವರು ಕತ್ತು ಚಾಚಿದರು. ಮಾತ್ರೆಯೇ ತೆಗೆದುಕೊಂಡಿಲ್ಲ ಸಾರ್ ಎಂಬ ಮಾತು ಹಲ್ಲಿನವರೆಗೆ ಬಂದಿತ್ತು. ಒಂದೇ ಮಾತು, ಆಡಿದ್ದರೆ ಹೊಟ್ಟೆಬಾಕಿ ಎಂಬ ಹೆಸರು ಅಲ್ಲೇ ಕಳಚಿ ಬೀಳುತ್ತಿತ್ತು. ಆದರೆ ಮಂಗಳವಾರವೂ ಅದರ ಜೊತೆಗೆ ಬೀಳುತ್ತಿತ್ತು. “ಸ್ವಲ್ಪ ಬಿಸ್ಕತ್ತು, ಸಾರ್,” ಎಂದಳು. ತಿನ್ನದ ಬಿಸ್ಕತ್ತು. ಡಾಕ್ಟರಿಗೆ ಸಮಾಧಾನವಾಯಿತು, ತಮಗೆ ಮೊದಲೇ ಗೊತ್ತಿದ್ದುದನ್ನು ರೋಗಿಯ ಬಾಯಿಂದ ಹೊರಡಿಸಿದವರ ಸಮಾಧಾನ. ಹೀಗೇ ಬಿಟ್ಟರೆ ಮೊದಲು ಕಣ್ಣು, ಆಮೇಲೆ ಕಾಲು, ಆಮೇಲೆ ಮೂತ್ರಪಿಂಡ ಎಂದು ಬೆರಳು ಮಡಚಿದರು. ಮತ್ತೆ ಸ್ಟೂಲಿಗೆ ಬಂದು ಕೂತಾಗ ಅವಳಿಗೆ ಮೂರು, ನಾಲ್ಕು, ಐದು ಎಂದು ಉರಿಯುವ ಮಹಡಿಯ ಅಂಕಿಗಳ ಸುತ್ತ ಮಸುಕು ಬಳೆಗಳು ಕಂಡವು. ಕೆಲವು ವಾರಗಳಿಂದ ಹಾಗೆ ಕಾಣುತ್ತಿತ್ತು. ಹೆದರಿಕೆಯಾಯಿತು. ಹೆದರಿಕೆಯ ನಡುವೆಯೇ, ಹನ್ನೊಂದು ಪಾಯಿಂಟ್ ಆರು ಅಂದರೆ ಎಂಟಕ್ಕೆ ಇಳಿಯಲು ಕಡಿಮೆಯೆಂದರೂ ಇನ್ನೊಂದು ವರ್ಷ, ಐವತ್ತೆರಡು ಮಂಗಳವಾರ ಎಂದು ಮನಸ್ಸು ತನ್ನಷ್ಟಕ್ಕೆ ತಾನೇ ಎಣಿಸಿತು. ತನ್ನ ಮನಸ್ಸಿನ ಈ ಗೊತ್ತುಗುರಿಯಿಲ್ಲದ ಆಸೆಯ ಮುಂದೆ ಅವಳಿಗೆ ಅಸಹ್ಯವೂ ಕನಿಕರವೂ ಒಟ್ಟಿಗೆ ಆದವು.

ನಾಲ್ಕೂವರೆಗೆ ಮೇಡಂ ಬಂದರು. ಕೈಯಲ್ಲಿ ಒಂದು ಹೂವಿನ ಕುಂಡ. ಅದನ್ನು ಕಿಟಕಿಯಲ್ಲಿಟ್ಟು, ಚಾಪೆಯ ಮೇಲೆ ಕೂತು, ‘ಹೇಳಿ’ ಎನ್ನಲಿಲ್ಲ.

“ಇವತ್ತು ನಾನೇ ಹೇಳ್ಬೇಕು,” ಎಂದರು. “ಇದು ಕೊನೇ ಮಂಗಳವಾರ.”

“ಯಾಕೆ ಮೇಡಂ? ನನ್ನದು ಇಳಿದಿಲ್ಲ. ಹನ್ನೊಂದರ ಮೇಲಿದೆ. ಚೀಟಿ ತೋರಿಸ್ತೀನಿ ಇರಿ.”

“ಅದು ಗೊತ್ತು. ಆದ್ರೆ ವರ್ಷ ಮುಗೀತಲ್ವಾ? ನೀವು ಸಹಿ ಹಾಕಿದ ಕಾಗದದಲ್ಲೇ ಇತ್ತು, ಹನ್ನೆರಡು ತಿಂಗಳು ಅಂತ. ಕೊನೇ ಪುಟದಲ್ಲಿ.”

ಕೊನೆಯ ಪುಟ. ಸಹಿ ಹಾಕುವಾಗ ಅವಳು ಪುಟ ತಿರುಗಿಸಿರಲಿಲ್ಲ. ತನ್ನ ಹೆಸರು ಕೇಳಿ ಯಾರೋ ಪೆನ್ನು ಕೊಟ್ಟರು ಎಂಬ ಸಂಭ್ರಮದಲ್ಲಿ ಗೆರೆ ಕಂಡಲ್ಲೆಲ್ಲ ಬರೆದಿದ್ದಳು. ಮಾತ್ರೆ ಉಗಿದರೂ ನುಂಗಿದರೂ ಇಂದಿಗೆ ಮುಗಿಯುವುದೇ ಇತ್ತು. ಆರು ತಿಂಗಳ ಕಹಿ ಒಮ್ಮೆಲೇ ಬಾಯಿಗೆ ಬಂತು. ಯಾವುದೋ ದೊಡ್ಡ ಊರಿಗೆ ಹಿಂತಿರುಗಿ ಪುಸ್ತಕ ಬರೆಯುವ ವಿಷಯ, ಅವಳ ಮಾತುಗಳೇ ಅದರ ಜೀವಾಳವಾಗುವ ವಿಷಯ, ಮೇಡಂ ಹೇಳುತ್ತಲೇ ಇದ್ದರು. ಅವಳು ಅವರ ತುಟಿ ನೋಡುತ್ತಿದ್ದಳು. ಆಮೇಲೆ, ತಡೆದುಕೊಳ್ಳಬೇಕೆಂದು ಅನ್ನಿಸುವ ಮೊದಲೇ, ಮಾತು ಹೊರಬಿತ್ತು: “ಮಾತ್ರೆ ನಾನು ನುಂಗ್ತಾ ಇರಲಿಲ್ಲ ಮೇಡಂ. ನೀವು ಬರೋದು ನಿಂತು ಹೋಗುತ್ತೆ ಅಂತ.”

ಮೇಡಂ ಅವಳ ಕಡೆ ತಿರುಗಿದರು. ಮುಖದಲ್ಲಿ ಮೊದಲು ಬಂದದ್ದು ನೋವು. ಅದು ನಿಜವಾದದ್ದು, ಅವಳಿಗೆ ಕಂಡಿತು. ಆದರೆ ನೋವಿನ ಬೆನ್ನಲ್ಲೇ ಕಣ್ಣಿನೊಳಗೆ ಬೇರೊಂದು ಬೆಳಕು ಹತ್ತಿಕೊಂಡಿತು, ಬಹಳ ದಿನ ಹುಡುಕಿದ ವಸ್ತು ಕಾಲ ಬಳಿಯೇ ಸಿಕ್ಕವರ ಬೆಳಕು. ಬಲಗೈ ತಾನೇ ತಾನಾಗಿ ಪುಸ್ತಕದ ಕಡೆ ಹೋಯಿತು. “ಯಾವಾಗಿಂದ?” ಎಂದರು, ಅದೇ ಮೆತ್ತಗಿನ ದನಿಯಲ್ಲಿ. ಪೆನ್ನಿನ ಟೊಪ್ಪಿಗೆ ಕಳಚಿತು. “ಮೊದಲನೇ ದಿನ ಏನನ್ನಿಸ್ತು? ಇದು ಬಹಳ ಮುಖ್ಯ. ನಿಮಗೆ ಗೊತ್ತಿಲ್ಲ ಇದೆಷ್ಟು ಮುಖ್ಯ ಅಂತ. ಇದನ್ನ ತೋರಿಸಿ ನಾನು ಮೇಲಿನವರ ಹತ್ರ ಇನ್ನಾರು ತಿಂಗಳು ಕೇಳ್ಬಹುದು. ನಾನು ಬರ್ತೀನಿ. ಪ್ರತಿ ಮಂಗಳವಾರ.”

ಬೇಕಾದದ್ದು ಎದುರಿಗೇ ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಒಂದು ಗಳಿಗೆ ಅವಳ ಇಡೀ ಮೈ ಅದರ ಕಡೆ ವಾಲಿತು. ಮಸುಕಾಗುತ್ತಿದ್ದ ತನ್ನ ಕಣ್ಣು ಈ ಪುಸ್ತಕದಲ್ಲಿ ಎಷ್ಟನೆಯ ಪುಟವಾಗುತ್ತದೆ ಎಂದು ಆಗ ಅವಳಿಗೆ ಅನ್ನಿಸಿತು. ನೆಲಮಾಳಿಗೆಯ ಹಲಗೆಯ ಮೇಲೆ ನಿಂತಾಗಲೂ ಅವಳು ಇಷ್ಟು ತೂಗಿರಲಿಲ್ಲ.

“ಬನ್ನಿ ಮೇಡಂ,” ಎಂದಳು. “ಪುಸ್ತಕ ಬಿಟ್ಟು ಬನ್ನಿ.”

ಮೇಡಂ ಪೆನ್ನು ತಡೆದರು. “ಪುಸ್ತಕ ಇಲ್ದೆ... ನಾನು ಇಲ್ಲಿಗೆ ಏನಂತ ಬರಲಿ?”

“ಅದನ್ನ ನೀವೇ ಯೋಚನೆ ಮಾಡಿ.”

ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಮೇಡಂ ಎದ್ದು, ಚಪ್ಪಲಿ ಮೆಟ್ಟಿ, ಅವಳ ಭುಜದ ಮೇಲೆ ಕೈಯಿಟ್ಟು, “ಮಾತ್ರೆ ತಗೊಳ್ಳಿ, ದಯವಿಟ್ಟು,” ಎಂದರು. “ಬರೋದು... ನೋಡೋಣ.” ನೋಡೋಣ ಎಂಬ ಮಾತನ್ನು ಅವಳು ಚೆನ್ನಾಗಿ ಬಲ್ಲಳು. ಪಾಯಿಖಾನೆಯ ಬೀಗದ ಕೈ ಬೇಕೆಂದು ಅರ್ಜಿ ಕೊಟ್ಟಾಗ ನಾಲ್ಕನೆಯ ಮಹಡಿಯವರು ಅದನ್ನೇ ಅಂದಿದ್ದರು, ಹನ್ನೊಂದು ವರ್ಷದ ಹಿಂದೆ.

ಮೇಡಂ ಹೋದ ಮೇಲೆ ಪರದೆ ಸರಿಯಿತು. ತಂಗಿ. ಕತ್ತಿಗೆ ಅಳತೆಯ ಪಟ್ಟಿ, ತುಟಿಯಲ್ಲಿ ಗುಂಡುಸೂಜಿ. ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿದಳು. “ನನ್ನ ಕಣ್ಣೆದುರಿಗೇ ಬಾಯಿಗೆ ಹಾಕ್ಕೊಂಡು, ನನ್ನ ಕಣ್ಣೆದುರಿಗೇ ನೀರು ಕುಡಿದು! ನಾಟಕದ ಕಂಪನಿ ಸೇರಬೇಕಿತ್ತು ನೀನು. ಸಾಯ್ತೀಯ ಕಣೆ ಅಕ್ಕಾ. ಗೊತ್ತಾ ನಿನಗೆ?”

“ಗೊತ್ತು.”

“ಒಂದು ಮಾತು ನನಗೆ ಹೇಳೋಕೆ ಆಗಲಿಲ್ವಾ?”

“ನೀನು ಯಾವತ್ತು ನನ್ನ ವಿಚಾರಿಸಿದೀಯ?”

ತಂಗಿ ನಗುವಿನಂಥ ಏನನ್ನೋ ಮೂಗಿನಿಂದ ಹೊರಗೆ ಬಿಟ್ಟಳು. “ಒಂದು ವರ್ಷ, ಪ್ರತಿ ಮಂಗಳವಾರ ಮಿಷನ್ ನಿಲ್ಸಿ ಈ ಪರದೆ ಹಿಂದೆ ಕಿವಿ ನೆಟ್ಕೊಂಡು ಕೂತಿದೀನಿ. ಜನರ ರವಿಕೆ ಎಲ್ಲ ತಡ ಆಗಿ ಬೈಸ್ಕೊಂಡಿದೀನಿ. ಯಾಕೆ ಹೇಳು? ಇವತ್ತಾದ್ರೂ ನನ್ನ ಸುದ್ದಿ ಬರುತ್ತೆ, ಇವತ್ತಾದ್ರೂ ಬರುತ್ತೆ ಅಂತ. ಅಮ್ಮ ಬಂದ್ಲು, ನೀನು ಬಂದೆ, ನಿನ್ನ ಅತ್ತೆ ಮನೆ ಪಾತ್ರೆ ಮುಚ್ಚಳಾನೂ ಬಂತು. ಆ ಮನೇಲಿ ಇನ್ನೊಂದು ಮಗು ಇತ್ತು ಅಂತ ಒಂದ್ಸಲಾನೂ ಬರಲಿಲ್ಲ.”

“ನೀನಾಗ ಚಿಕ್ಕವಳು...”

“ನಾಲ್ಕು ವರ್ಷ. ನಾಲ್ಕು ವರ್ಷದೋಳಿಗೆ ಹೊಟ್ಟೆ ಇರಲ್ವಾ?”

ಅವಳು ನೆನಪಿನಲ್ಲೇ ಆ ಮನೆಯೊಳಗೆ ಹೋಗಿ ಹುಡುಕಿದಳು. ಒಲೆ ಇತ್ತು. ಅಮ್ಮನ ಮೊಣಕೈ ಇತ್ತು, ತಟ್ಟೆಯಿಂದ ಏಳುವ ಹಬೆ ಇತ್ತು, ಹಬೆಯ ಹಿಂದೆ ತನ್ನ ಬಾಯನ್ನೇ ನೋಡುತ್ತಿದ್ದ ಅಮ್ಮನ ಕಣ್ಣುಗಳಿದ್ದವು. ನಾಲ್ಕು ವರ್ಷದ ಹುಡುಗಿ ಎಲ್ಲಿಯೂ ಇರಲಿಲ್ಲ. ಇಷ್ಟು ವರ್ಷ ಎಷ್ಟು ಆಸೆಯಿಂದ ಹೋಗಿ ನಿಲ್ಲುತ್ತಿದ್ದ ಕೋಣೆ ಅದು. ಅದರ ಒಂದು ಗೋಡೆಯನ್ನೇ ತಾನು ನೋಡಿರಲಿಲ್ಲವೇ?

“ನೀನೆಲ್ಲಿರ್ತಿದ್ದೆ?” ಎಂದಳು.

ತಂಗಿ ಚಾಪೆಯ ಮೇಲೆ ಕೂತಳು, ನಿಧಾನವಾಗಿ, ಮಂಡಿ ಹಿಡಿದುಕೊಂಡು. ಸಣ್ಣ ಮೈ, ಎದ್ದು ಕಾಣುವ ಕತ್ತಿನ ಮೂಳೆ. ಮುಖದಲ್ಲಿ ಒಂದು ಕಾತರ. ಮಂಗಳವಾರಗಳಲ್ಲಿ ಜಡೆ ಸರಿ ಮಾಡಿಕೊಳ್ಳುತ್ತ ತಾನು ಕನ್ನಡಿಯಲ್ಲಿ ಕಂಡದ್ದು ಅದೇ ಎಂದು ಅವಳಿಗೆ ಗುರುತು ಹತ್ತಿತು. “ಹಿತ್ತಲಲ್ಲಿ,” ಎಂದಳು ತಂಗಿ. “ನಿನ್ನ ತಟ್ಟೆಗೆ ಹಾಕಿ ಉಳಿದದ್ದು ಅಮ್ಮನಿಗೂ ನನಗೂ. ಏನೂ ಉಳಿಯಲ್ಲ ಅನ್ನೋ ದಿನ ಅಮ್ಮ ನನ್ನ ಮೊದ್ಲೇ ಹಿತ್ತಲಿಗೆ ಕರ್ಕೊಂಡು ಹೋಗಿ, ಚಿಂದಿ ಬಟ್ಟೆ, ಸೂಜಿ, ದಾರ ಕೊಟ್ಟು, ಗೊಂಬೆ ಮಾಡ್ಕೋ ಪುಟ್ಟಾ ಅಂತಿದ್ಲು. ನೀನು ಉಣ್ಣೋದು ನನಗೆ ಕಾಣಬಾರ್ದು ಅಂತ. ಹೊಲಿಗೆ ನಾನು ಎಲ್ಲಿ ಕಲ್ತೆ ಅಂದ್ಕೊಂಡಿದೀಯ?”

ಅವಳಿಗೆ ಅಳು ಬರಲಿಲ್ಲ. ಅಳುವುದಕ್ಕೆ ತನಗೇನು ಹಕ್ಕಿದೆ ಎನ್ನಿಸಿತು. ಕ್ಷಮಿಸು ಎನ್ನಬಹುದಿತ್ತು, ಆದರೆ ಹಾಗೆಂದರೆ ಅಲ್ಲಿಗೆ ಮಾತು ಮುಗಿದುಬಿಡುತ್ತದೆ, ತಂಗಿ ಎದ್ದು ಮಿಷನ್ನಿಗೆ ಹೋಗಿಬಿಡುತ್ತಾಳೆ. ಹಾಗೆ ಹೋಗಬಾರದು.

“ಎಂಥಾ ಗೊಂಬೆ ಮಾಡ್ತಿದ್ದೆ?”

“ಎಂಥಾವೋ. ಹೆಣ್ಣು ಗೊಂಬೆ. ಕೂದಲು ಹಾಕ್ತಿದ್ದೆ, ಕಪ್ಪು ದಾರದ್ದು. ಎರಡು ಕಣ್ಣು. ಮೂಗು.” ತಂಗಿ ತನ್ನ ಬೆರಳನ್ನೇ ನೋಡುತ್ತಿದ್ದಳು. “ಬಾಯಿ ಮಾತ್ರ ಒಂದಕ್ಕೂ ಹೊಲೀಲಿಲ್ಲ ಅಕ್ಕಾ. ಬಾಯಿ ಇಟ್ರೆ ಅವಕ್ಕೂ ಹಸಿವಾಗುತ್ತಲ್ಲ ಅಂತ.”